ಅಪ್ಪನ ಬೆನ್ನಿನ ಗುಂಡಿಗಳು

ಮಗಳ ಸ್ವೆಟರಿಗೆ ಗುಂಡಿಗಳಿರುವುದು ಬೆನ್ನಿನ ಕಡೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೆಮ್ಮಿದ ಅವಳಿಗೆ ಬೆಳಿಗ್ಗೆ ಅದನ್ನು ತೊಡಿಸುವಾಗ ನನಗೆ ನನ್ನಪ್ಪನ ಕೋಟು ನೆನಪಾಯಿತು.

ಅಪ್ಪ ರೇಷ್ಮೆಗೂಡಿನ ವ್ಯಾಪಾರಿ. ಚಳಿಗಾಲದಲ್ಲಿ ಕಾಮಗೆರೆಯಿಂದ ಕೊಳ್ಳೇಗಾಲಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೊರಡುವ ಮುನ್ನ ಎದೆಗೆ ಹಳೆಯ ಪೇಪರ್ ಹಾಸಿಕೊಂಡು, ಗಾಳಿ ನುಗ್ಗದಂತೆ ಕೋಟನ್ನು ಹಿಂದುಮುಂದಾಗಿ ತೊಡುತ್ತಿದ್ದರು. ಬೆನ್ನಿನ ಗುಂಡಿ ಹಾಕುವ ಕೆಲಸ ನನ್ನದು. ಅವರು ಮೆಟ್ಟಿಲ ಮೇಲೆ ಕುಳಿತರೆ ಕೋಟಿನಿಂದ ಗೂಡಿನ ಕಮಟು ವಾಸನೆ ಬರುತ್ತಿತ್ತು.

ಒಂದು ದಿನ ನಾನು ಮುನಿಸಿಕೊಂಡಿದ್ದೆ. ಅಪ್ಪ ರಿಬ್ಬನ್ ತರಲು ಮರೆತಿದ್ದರು.

"ಬೇಗ ಆಕವ್ವ, ಒತ್ತಾಯ್ತದೆ. ಇವತ್ತೂ ಮರ್ತ್ರೆ ನನ್ ಮೀಸೆ ಕಿತ್ಕೊಂಡು ಜಡೆಗೆ ಕಟ್ಕೊ."

ನಾನು ನಗಲಿಲ್ಲ. ಕತ್ತಿನ ಹತ್ತಿರ ಒಂದೇ ಗುಂಡಿ ಹಾಕಿ, "ಆಯ್ತು" ಎಂದೆ.

ವಾಪಸ್ ಬರುವ ದಾರಿಯಲ್ಲಿ ಜಡಿಮಳೆ ಹಿಡಿಯಿತಂತೆ. ಸಂಜೆ ಅಪ್ಪ ನಡುಗುತ್ತ ಬಂದರು. ಬಿಚ್ಚಿಕೊಂಡ ಕೋಟಿನೊಳಗೆ ನೀರಿಳಿದು ಎದೆಯ ಪೇಪರ್ ಮುದ್ದೆಯಾಗಿತ್ತು.

"ಇದೇನ್ರಿ, ಒಂದೇ ಗುಂಡಿ ಆಕಂಡಿದ್ದೀರಿ?" ಎಂದಳು ಅವ್ವ.

ಅಪ್ಪ ನನ್ನನ್ನು ನೋಡಿದರು. "ಪ್ಯಾಟೇಲಿ ಸೆಕೆ ಅಂತ ಕೋಟು ಬಿಚ್ಚಿದ್ದೆ ಕಣೆ. ತಿರ್ಗಾ ಉಳ್ದ ಗುಂಡಿ ಆಕುಸ್ಕೊಳೋದ ಮರ್ತೆ."

ನನ್ನ ಕೈಗೆ ರಿಬ್ಬನ್ ಕೊಟ್ಟರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಅದು ಮಾತ್ರ ಒದ್ದೆಯಾಗಿರಲಿಲ್ಲ.

ಆ ಚಳಿ ಎದೆಗಿಳಿದು, ತಿಂಗಳೊಳಗೆ ಅಪ್ಪ ತೀರಿಕೊಂಡರು. "ಆ ಮರೆವೇ ಅವರ್ನ ತಿಂದಾಕ್ತು" ಎಂದು ಅವ್ವ ಇಂದಿಗೂ ಅವರನ್ನೇ ಬೈಯುತ್ತಾಳೆ.

ಮಗಳ ನಾಲ್ಕೂ ಗುಂಡಿಗಳನ್ನು ಮತ್ತೆ ಮುಟ್ಟಿ ನೋಡಿದೆ. ಅಡುಗೆಮನೆಯಲ್ಲಿ ಅವ್ವ ಮೊಮ್ಮಗಳಿಗೆ ಹಾಲು ಕಾಯಿಸುತ್ತಿದ್ದಾಳೆ. ಇಷ್ಟು ವರ್ಷ ಅವಳಿಗೆ ಹೇಳದ್ದನ್ನು ನಾನು ಇಲ್ಲಿ ಬರೆದುಬಿಟ್ಟೆ. ಅವ್ವನಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳಬೇಕು.