ಮೂರು ಮರಿಗಳ ಕರುಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೌರಿಬಿದನೂರು ಕಡೆ ಪಶುವೈದ್ಯನಾಗಿದ್ದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ ರೋಗ ಹೇಳಿಬಿಡುತ್ತೇನೆ ಎಂಬ ಜಂಬವಿತ್ತು. ಜೊತೆಗೆ ಮೂಗಿನ ತುದಿಯಲ್ಲೇ ಕೋಪ.

ಒಂದು ಹಳ್ಳಿಯಲ್ಲಿ ವಾರದೊಳಗಿನ ಕುರಿಮರಿಗಳು ಭೇದಿಯಾಗಿ ಸಾಯುತ್ತಿದ್ದವು. ನಾನು ಹೋದ ದಿನವೇ ಮೂರು ಸತ್ತಿದ್ದವು. ಆ ಮನೆಯಲ್ಲಿ ಕುರಿ ಮೇಯಿಸುತ್ತಿದ್ದವಳು ಸೊಸೆ, ಹೊಸದಾಗಿ ಮದುವೆಯಾಗಿ ಬಂದವಳು. ನೋಡಿದ ತಕ್ಷಣ ಹೇಳಿದೆ: “ತಾಯಿ ಕುರಿಗಳನ್ನ ಹಸಿ ಜೋಳಕ್ಕೆ ಬಿಟ್ಟಿದೀಯ. ಹಾಲು ಜಾಸ್ತಿಯಾಗಿ ಮರಿಗಳು ಮಿತಿಮೀರಿ ಕುಡಿದಿವೆ. ಕರುಳಿಗೆ ವಿಷ ಏರಿದೆ.”

“ಇಲ್ಲ ಸಾರ್, ಬಿಟ್ಟಿಲ್ಲ,” ಎಂದಳು.

“ನನಗೇ ಹೇಳಿಕೊಡ್ತೀಯೇನಮ್ಮಾ?” ಎಂದು ಗದರಿದೆ.

ಅತ್ತೆ ಎದೆ ಬಡಿದುಕೊಂಡರು. “ಅಯ್ಯೋ ದೇವುಡಾ! ಇವಳು ಕಾಲಿಟ್ಟಾಗಿಂದ ಹಿಂಗೇ!”

ನನ್ನ ಸಹಪಾಠಿಯೊಬ್ಬ ಬೆಂಗಳೂರಿನ ಪ್ರಯೋಗಾಲಯದಲ್ಲಿ ರೋಗಾಣುಗಳ ಜೀನ್ ಹುಡುಕುವ ಹೊಸ ಪರೀಕ್ಷೆ ಶುರುಮಾಡಿದ್ದ. ಮರಿಗಳ ಕರುಳು ಸಿಕ್ಕರೆ ಕೊಡು ಮಾರಾಯ ಎಂದು ಗೋಗರೆದಿದ್ದ. ಅವನಿಗಾಗಿ ಮೂರೂ ಮರಿಗಳ ಕರುಳಿನ ತುಂಡುಗಳನ್ನು ಎರಡೂ ತುದಿ ದಾರದಲ್ಲಿ ಬಿಗಿದು, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು, ಬೆಳಗಿನ ರೈಲಿನಲ್ಲಿ ಒಯ್ದು ಕೊಟ್ಟು ಬಂದೆ. ನನಗಂತೂ ಯಾವ ಅನುಮಾನವೂ ಇರಲಿಲ್ಲ.

ಕೆಲವು ವಾರಗಳ ಮೇಲೆ ಅವನ ಕಾಗದ ಬಂತು. ನಾನು ಹೇಳಿದ ವಿಷ ಉಗುಳುವ ರೋಗಾಣುವಿನ ಜೀನ್ ಒಂದರಲ್ಲೂ ಇಲ್ಲ. ಮೂರರಲ್ಲೂ ಇದ್ದದ್ದು ಎಳೆಮರಿಗಳಿಗೆ ಭೇದಿ ತರುವ ಇ. ಕೋಲಿ ರೋಗಾಣುವಿನ ಜೀನ್. ಗಲೀಜು ನೆಲದಿಂದ, ಕೊಳಕು ಕೆಚ್ಚಲಿನಿಂದ ಅಂಟುವಂಥದ್ದು. ಕೊನೆಯಲ್ಲಿ ಕೇಳಿದ್ದ: ಮರಿಗಳಿಗೆ ಗಿಣ್ಣುಹಾಲು ಕುಡಿಸಿದ್ದರಾ?

ಎರಡು ಸಲ ಓದಿದೆ. ಮುಖ ಬಿಸಿಯಾಯಿತು.

ಅದೇ ದಿನ ಹಳ್ಳಿಗೆ ಹೋದೆ. ಅತ್ತೆಯೇ ಕಸ ಗುಡಿಸುತ್ತಿದ್ದರು.

“ಸೊಸೆ ಎಲ್ಲಮ್ಮಾ?”

“ಚಿಂತಾಮಣಿಗೆ, ಅವರಮ್ಮನ ಮನೆಗೆ ಕಳಿಸ್ಬಿಟ್ವಿ. ನೀವೇ ಅಂದ್ರಲ್ಲ ಸಾರ್, ಅವಳಿಂದಾನೇ ಮರಿ ಸತ್ತಿದ್ದು ಅಂತ.”

ಗಿಣ್ಣುಹಾಲಿನ ಮಾತು ಕೇಳಿದೆ. “ಅದು ಕುಡಿದ್ರೆ ಭೇದಿ ಆಗ್ತದಲ್ಲ? ನಾನೇ ಕರೆದು ಚೆಲ್ತೀನಿ. ಅವಳು ಬೇಡ ಅಂತಿದ್ಲು.”

ಆ ಹಾಲಿನಲ್ಲೇ ಮರಿಗೆ ರೋಗ ತಡೆಯುವ ಶಕ್ತಿ ಇರುವುದು ಎಂದು ವಿವರಿಸಿದೆ. ಅವರು ಪೊರಕೆ ಹಿಡಿದುಕೊಂಡೇ ಕೂತುಬಿಟ್ಟರು. “ಹೋಗಣ ನಡೀರಿ ಸಾರ್, ಕರ್ಕೊಂಡ್ ಬರಣ,” ಎಂದರು. ಇಬ್ಬರೂ ಬಸ್ಸು ಹತ್ತಿದೆವು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಶಿಡ್ಲಘಟ್ಟ ದಾಟಿ ಚಿಂತಾಮಣಿ ಮುಟ್ಟುವವರೆಗೂ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಬೆಂಗಳೂರಿನವರು ಹೀಗೆ ಬರೆದಿದ್ದಾರೆ ಎಂದರೆ ಸಾಕು, ನನ್ನ ಮರ್ಯಾದೆಯೂ ಉಳಿಯುತ್ತದೆ ಅನ್ನಿಸಿತ್ತು.

ತವರುಮನೆಯಲ್ಲಿ ಸೊಸೆಯೇ ನೀರು ಕೊಟ್ಟಳು. ಕೂರಿ ಎಂದಳು. ನಾನು ಜೇಬಿನಿಂದ ಕಾಗದ ತೆಗೆದು, “ಬೆಂಗಳೂರಿನವರು ಮೆಶೀನಿನಲ್ಲಿ ನೋಡಿದ್ದಾರೆ ಕಣಮ್ಮಾ, ನಾನು ಹೇಳಿದ ವಿಷ ಇಲ್ಲವಂತೆ,” ಎಂದೆ.

“ಕಾಗದ ಬೇಡ ಸಾರ್. ಅವತ್ತು ನಾನೂ ಇಲ್ಲ ಅಂದೆ, ಗದರಿದ್ರಿ. ಇವತ್ತು ಮೆಶೀನು ಇಲ್ಲ ಅಂತು, ಬಸ್ಸು ಹತ್ತಿ ಬಂದ್ರಿ.”

ಕಾಗದವನ್ನು ಮತ್ತೆ ಜೇಬಿಗಿಟ್ಟೆ.

“ತಪ್ಪು ನಂದೇ ಕಣಮ್ಮಾ. ಸರಿಯಾಗಿ ನೋಡದೇ ಹೇಳಿಬಿಟ್ಟೆ,” ಎಂದೆ.

ಅವಳು ಬಾಗಿಲ ಹತ್ತಿರ ಇನ್ನೂ ನಿಂತೇ ಇದ್ದ ಅತ್ತೆಯ ಕಡೆ ತಿರುಗಿದಳು.

“ಸಾರ್ ಒಪ್ಕೊಂಡ್ರು. ಅತ್ತೇ, ಇನ್ನು ನೀವೊಬ್ರೇ ಬಾಕಿ.”