ಕ್ಯಾಂಪಿನಾಕಿ

ಅಕ್ಷರ ಸೊಟ್ಟಗಿವೆ, ಮಾತು ಪೋಣಿಸಲು ಬರುವುದಿಲ್ಲ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಮನ್ನಿಸಿ. ಬರೆಯುತ್ತಿರುವುದು ನಮ್ಮಕ್ಕ ಸುಮಲತಾಳ ಬಗ್ಗೆ.

ಶಹಾಪುರದ ಆಚೆ, ಕಾಲುವೆಯ ಕೆಳಗೆ, ಆಂಧ್ರದಿಂದ ಬಂದ ರೈತರು ಭತ್ತ ಬೆಳೆಯುವ ಊರುಗಳಿಗೆ ಎಲ್ಲರೂ ಕ್ಯಾಂಪು ಎನ್ನುತ್ತಾರೆ. ಅಂಥದೊಂದು ಕ್ಯಾಂಪಿನ ಅಂಚಿನ ಗುಡಿಸಲಲ್ಲಿ ಸುಮಲತಾ ಬೆಳೆದಳು. ನಾಟಿಯ ದಿನಗಳಲ್ಲಿ ಮುಂಜಾನೆ ಧಣಿ ಕೂಲಿಯವರ ಹೆಸರು ಕೂಗುತ್ತಿದ್ದ. ಅವಳು ಅವನ ತೆಲುಗಿನಲ್ಲೇ "ಉನ್ನಾನಂಡಿ", ಅಂದರೆ ಇದ್ದೇನ್ರಿ, ಎಂದು ಓಗೊಡುತ್ತಿದ್ದಳು.

ಡಿಗ್ರಿ ಕಾಲೇಜಿನ ಮೊದಲ ಹಾಜರಿಯಲ್ಲೂ ಬಾಯಿಗೆ ಅದೇ ಬಂತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಏ ಕ್ಯಾಂಪು, ನಾಟಿ ಹಚ್ಚಾಕ ಬಂದಿಯೇನ? ಇದು ಕ್ಯಾಂಪಸ್ ಐತಿ!" ಎಂದು ಹಿಂದಿನ ಬೆಂಚಿನವನೊಬ್ಬ ಕೂಗಿದ.

ಅಂದಿನಿಂದ ಅವಳ ಹೆಸರೇ ಕ್ಯಾಂಪು. ದಸರೆ ಮುಗಿದ ಮೇಲೆ ಅವಳು ಕಾಲೇಜಿಗೆ ಹೋಗಲೇ ಇಲ್ಲ, ಗದ್ದೆಯ ಕೆಸರಿಗಿಳಿದಳು.

ಆದರೆ ಕ್ಯಾಂಪು, ಕ್ಯಾಂಪಸ್ ಎಂಬ ಆ ಎರಡು ಮಾತು ಅವಳನ್ನು ಬಿಡಲಿಲ್ಲ. ಒಂದು ಬೈಗುಳ, ಒಂದು ಮರ್ಯಾದೆ, ಸದ್ದು ಮಾತ್ರ ಅಕ್ಕತಂಗಿಯರ ಹಾಗೆ. ಯಾಕೆ? ಒಂದು ಸಂಜೆ ಸಿಗ್ನಲ್ ಹುಡುಕಿಕೊಂಡು ಕಾಲುವೆಯ ದಂಡೆ ಹತ್ತಿ, ಮೊಬೈಲಿನಲ್ಲಿ ನೋಡಿದಳು. ಲ್ಯಾಟಿನ್ನಿನಲ್ಲಿ ಕಾಂಪುಸ್ ಎಂದರೆ ಬಯಲು. ದಂಡು ಬೀಡು ಬಿಟ್ಟ ಬಯಲು ಇಟಲಿ, ಫ್ರಾನ್ಸ್ ಹಾದು ಇಂಗ್ಲಿಷಿಗೆ ಬಂದು ಕ್ಯಾಂಪ್ ಆಯಿತು. ಕಾಲೇಜಿನ ಸುತ್ತಲಿನ ಬಯಲು ಹಳೆಯ ವೇಷದಲ್ಲೇ ಉಳಿದು ಕ್ಯಾಂಪಸ್ ಆಯಿತು.

ಓಡಿ ಬಂದು ಅವ್ವ ದುರಗಮ್ಮನಿಗೆ ಹೇಳಿದಳು.

"ಲ್ಯಾಟಿನ್ ಅಂದ್ರ ಯಾ ಊರ ಮಾತವಾ?" ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಈಗ ಅದನ್ನ ಮನ್ಯಾಗ ಯಾರೂ ಆಡಂಗಿಲ್ಲಬೇ."

"ಆಡೋರಿಲ್ಲದ ಮಾತಿಗೆ ಮೊಬೈಲಿನ ಚಾರ್ಜ್ ಎಲ್ಲಾ ಕಳದಿ!" ಅವ್ವ ರೊಟ್ಟಿ ಮಗುಚಿದಳು. "ಅಲ್ಲ, ಎರಡೂ ಬಯಲೇ ಅಂದಮ್ಯಾಗ ನೀ ಯಾಕ ಬಿಟ್ಟು ಬಂದಿ?"

ಸುಮಲತಾ ಪೆಟ್ಟಿಗೆ ತೆಗೆದು ತನ್ನ ಮಾರ್ಕ್ಸ್ ಕಾರ್ಡ್ ಹುಡುಕತೊಡಗಿದಳು.

ಈ ವರ್ಷ ಅಡ್ಮಿಷನ್ ಶುರುವಾದ ದಿನವೇ ಕಾಲೇಜಿಗೆ ಹೊರಟಳು. ಗೇಟಿನಲ್ಲಿ ಕಾವಲುಗಾರ ತಿಮ್ಮಣ್ಣ ತಡೆದ.

"ಏನವಾ ಕ್ಯಾಂಪು, ಹಾದಿ ತಪ್ಪಿ ಬಂದ್ಯಾ? ಐಡಿ ಕಾರ್ಡ್ ಎಲ್ಲೈತಿ?"

"ಅದನ್ನ ಮಾಡಿಸಾಕ ಬಂದೇನ್ರಿ ಕಾಕಾ. ಹೌದು, ನಾ ಕ್ಯಾಂಪಿನಾಕಿ. ನೀವು ಕಾಯಾಕತ್ತಿದ್ದೂ ಬಯಲೇ ಅಲ್ಲೇನ್ರಿ? ಗೇಟ್ ತಗೀರಿ."

ಅವನಿಗೆ ತಿಳಿಯಿತೋ ಇಲ್ಲವೋ, ಗೇಟಂತೂ ತೆರೆದ.

ಅಡ್ಮಿಷನ್ ಆಗಿದೆ. ಸೋಮವಾರ ಗದ್ದೆಯಲ್ಲಿ ಅವಳ ಜಾಗಕ್ಕೆ ನಾನು ಹೋಗುತ್ತೇನೆ. ಅವಳು ಕಾಲೇಜಿಗೆ ಹೋಗಿ, ಹಾಜರಿ ಕರೆದಾಗ "ಉನ್ನಾನಂಡಿ" ಎಂದೇ ಜೋರಾಗಿ ಹೇಳುತ್ತಾಳೆ.