ಕೊಲೆಯಿಲ್ಲದ ಸಿನಿಮಾ ನೋಡದ ಸುಬ್ರಾಯ

ಕೋಲಸಿರ್ಸಿಯ ಸುಬ್ರಾಯ ಹೆಗಡೆಗೆ ಕೊಲೆಯಿಲ್ಲದ ಸಿನಿಮಾ ಸಿನಿಮಾವೇ ಅಲ್ಲ. ಶಿರಸಿಗೆ ಹೊಸ ಥ್ರಿಲ್ಲರ್ ಬಂತೆಂದರೆ ಮೊದಲ ಆಟಕ್ಕೇ ಹಾಜರು. ಹಿಂದಿರುಗುವಾಗ ಬಸ್ಸಿನಲ್ಲಿ ಕಂಡಕ್ಟರನನ್ನೂ ಬಿಡದೆ ಎಲ್ಲರಿಗೂ ವರ್ಣನೆ. "ಎಂತಾ ಕ್ಯಾಮೆರಾ ಮಾರಾಯಾ! ರಕ್ತ ಬಿದ್ರೆ ದಾಸವಾಳ ಅರಳಿದಾಂಗೆ ಕಾಣ್ತು!" ಅವನು ಗುಂಡು ಹಾರಿಸಿ ತೋರಿಸುವಾಗ ಮುಂದಿನ ಸೀಟಿನವರು ತಲೆ ಬಗ್ಗಿಸಲೇಬೇಕು. ಯಾರು ಕೊಂದದ್ದು, ಯಾಕೆ ಕೊಂದದ್ದು ಎಂದು ಯಾರಾದರೂ ಕೇಳಿದರೆ, "ಅದೆಲ್ಲ ಎಂತಕ್ಕೆ? ಲೈಟಿಂಗ್ ನೋಡು ನೀನು!" ಎಂದು ರೇಗುತ್ತಾನೆ. ಮನೆಗೆ ಬಂದ ಮೇಲೆ ಕಣ್ಣು ಕಾಣದ ಅಕ್ಕ ರಾಜೀವಿಗೆ ಇಡೀ ಸಿನಿಮಾ ಮತ್ತೊಮ್ಮೆ. ಕಳೆದ ಶುಕ್ರವಾರವೂ ನೀಲಿ ಬೆಳಕು, ಹೊಗೆ, ಕನ್ನಡಿಯಂತೆ ಹೊಳೆಯುವ ಕಾರು ಎಲ್ಲವನ್ನೂ ಅಂಗಳದಲ್ಲಿ ಕುಣಿಕುಣಿದು ಬಣ್ಣಿಸಿದ. ಕೊನೆಯವರೆಗೂ ಕೇಳಿಸಿಕೊಂಡ ರಾಜೀವಿ, "ತಮಾ, ಆ ಸತ್ತವಂಗೆ ಆಯಿ ಇಲ್ಯನಾ? ಯಾರೂ ಅತ್ತಿದ್ದೇ ಇಲ್ಯನಾ?" ಎಂದಳು. ಸಿನಿಮಾದಲ್ಲಿ ಸತ್ತವನಿಗೆ ತಾಯಿಯಿರಲಿ, ಒಂದು ಹೆಸರೂ ಇರಲಿಲ್ಲ. ಸುಬ್ರಾಯ ಅಕ್ಕನ ಪಕ್ಕದಲ್ಲಿ ಕುಳಿತು, "ಇದ್ದು ಅಕ್ಕಾ, ಆಯಿ ಇದ್ದು. ಬಾಗ್ಲಲ್ಲೇ ಕೂತು ಕಾಯ್ತಾ ಇದ್ದು," ಎಂದು, ತಾನು ನೋಡಿಯೇ ಇರದ ಕಥೆಯೊಂದನ್ನು ಮೆಲ್ಲಗೆ ಶುರುಮಾಡಿದ.